ಈದ್ ರಜೆಯ ಹೋಮ್‌ರನ್

ನಾನು ಬೇಸ್‌ಬಾಲ್ ಆಡಿದ್ದೇನೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಆಡಿದ್ದು ಕತಾರಿನಲ್ಲಿ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ರಂಜಾನ್ ಹಬ್ಬದ ರಜೆಯಲ್ಲಿ. ಆಗ ನನಗೆ ಇಪ್ಪತ್ತಾರು. ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ ಅಕ್ಕ-ಭಾವನ ಫ್ಲ್ಯಾಟಿನಲ್ಲಿದ್ದುಕೊಂಡು ಸರಕು ಸಾಗಣೆಯ ಕಂಪನಿಯೊಂದರಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ.

ಅದೇ ಆಫೀಸಿನಲ್ಲಿ ಫಿಲಿಪ್ಪೀನ್ಸಿನ ಹೆಂಗಸೊಬ್ಬರು ಫೈಲ್ ವಿಭಾಗ ನೋಡಿಕೊಳ್ಳುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ದಪ್ಪ ಕನ್ನಡಕ, ಗಂಡಸರ ಹಾಗೆ ಕತ್ತರಿಸಿದ ಕೂದಲು. ದೋಹಾದಲ್ಲಿ ಆಗಿನ್ನೂ ಚರ್ಚ್ ಕಟ್ಟಿರಲಿಲ್ಲ. ವಾರದ ರಜೆಯಾದ ಶುಕ್ರವಾರ ನಮ್ಮ ಬಲಿಪೂಜೆ, ಅಂದರೆ ಮಾಸ್, ಸಿಕ್ಕಿದ ಹಾಲ್‌ನಲ್ಲಿ ನಡೆಯುತ್ತಿತ್ತು. ಅಲ್ಲಿ ಪಕ್ಕಪಕ್ಕ ಕುಳಿತು ನಮ್ಮ ಸ್ನೇಹ ಗಟ್ಟಿಯಾಯಿತು. ಕ್ರಿಸ್ಮಸ್ಸಿಗೆ ನಮಗೆ ರಜೆ ಇರುತ್ತಿರಲಿಲ್ಲ, ಹಾಗಾಗಿ ಈದ್ ರಜೆಯೇ ನಮ್ಮ ಹಬ್ಬವೂ ಆಗಿತ್ತು.

ಅವರು ಬಾಯಿ ತೆರೆದರೆ ಅಪ್ಪನ ಮಾತು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆಗೆ ಸ್ವಂತ ಬೇಸ್‌ಬಾಲ್ ತಂಡವಿತ್ತಂತೆ. ಹಬ್ಬದ ದಿನ ಒಂದಲ್ಲ, ಎರಡು ಆಟ. ಊರಿಡೀ ಊಟ ಕಟ್ಟಿಕೊಂಡು ಮೈದಾನಕ್ಕೆ ಹೋಗುತ್ತಿತ್ತು. ಒಂದು ಕ್ರಿಸ್ಮಸ್ ದಿನ ಕಾರ್ಖಾನೆಯ ಬಡಗಿಯೊಬ್ಬ, ಹಲ್ಲುನೋವಿಗೆ ಕೆನ್ನೆಗೆ ಬಟ್ಟೆ ಸುತ್ತಿಕೊಂಡು ಬಂದವನು, ಎರಡೂ ಆಟದಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದನಂತೆ. ರೇಡಿಯೋದಲ್ಲಿ ಕೇಳಿದ ಅಮೆರಿಕದ ಹಬ್ಬದಾಟಗಳೂ ಆ ಅಪ್ಪನಿಗೆ ಬಾಯಿಪಾಠ. ಯಾವ ವರ್ಷ, ಯಾರ ಹೊಡೆತ, ಚೆಂಡು ಎಲ್ಲಿ ಬಿತ್ತು, ಎಲ್ಲವೂ.

ಈದ್ ಹಬ್ಬದ ಹಿಂದಿನ ದಿನ ಅವರು ನನ್ನ ಮೇಜಿನ ಹತ್ತಿರ ಬಂದರು. "ನಾಳೆ ನರ್ಸ್‌ಗಳ ಟೀಮ್ ಜೊತೆ ಮ್ಯಾಚ್ ಇದೆ. ನಮಗೆ ಒಬ್ಬಳು ಕಮ್ಮಿ. ನೀನು ಬಾ."

"ನನಗೆ ಆಡಲಿಕ್ಕೆ ಬರುದಿಲ್ಲ."

"ನಿಲ್ಲಲಿಕ್ಕೆ ಬರ್ತದಲ್ಲ? ಸಾಕು."

ಬೆಳಿಗ್ಗೆ ಆರಕ್ಕೆ ಭಾವ ಗೊಣಗುತ್ತಲೇ ಕಾರು ತೆಗೆದರು. "ರಜೆ ದಿನ ನಿದ್ದೆ ಮಾಡುದು ಬಿಟ್ಟು ನಿನಗೆಂಥ ಮರ್ಲು ಮಾರಾಯ್ತಿ?" ಅಲ್ ಥುಮಾಮಾದಲ್ಲಿ ಆಗ ಮನೆಗಳು ವಿರಳ. ಗಟ್ಟಿ ಮರಳಿನ ಬಯಲು. ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ನಾಲ್ಕು ಮೂಲೆಗೆ ರಟ್ಟಿನ ತುಂಡುಗಳನ್ನು ಹಾಸಿ ಅವುಗಳ ಮೇಲೆ ಕಲ್ಲಿಟ್ಟಿದ್ದರು. ಹೊಡೆದವಳು ಅವನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್. ಒಂದೇ ಹೊಡೆತಕ್ಕೆ ಸುತ್ತಿಬಂದರೆ ಅದು ಹೋಮ್‌ರನ್. ಚೆಂಡು ಬೇಸ್‌ಬಾಲಿನದಕ್ಕಿಂತ ದೊಡ್ಡದು, ಸಾಫ್ಟ್‌ಬಾಲ್ ಅನ್ನುತ್ತಾರೆ. ನಾವು ಮಾತ್ರ ಬೇಸ್‌ಬಾಲ್ ಅಂತಲೇ ಹೇಳುತ್ತಿದ್ದೆವು.

ಮೊದಲ ಆಟದಲ್ಲಿ ನಾನು ಬೀಸಿದ್ದೆಲ್ಲ ಗಾಳಿಗೆ. ಅಣ್ಣಂದಿರ ಕ್ರಿಕೆಟ್ ನೋಡಿ ಬೆಳೆದವಳು, ಬ್ಯಾಟನ್ನು ನೆಲಕ್ಕೂರಿ ನಿಲ್ಲುತ್ತಿದ್ದೆ. ನರ್ಸ್‌ಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆ ಆಟ ಸೋತೆವು. ಚಾಪೆ ಹಾಸಿ ಅನ್ನ, ಮೊಟ್ಟೆ, ಅಕ್ಕ ಕಟ್ಟಿಕೊಟ್ಟಿದ್ದ ನೀರುದೋಸೆ ತಿಂದೆವು. ನಾನು ಹೊರಡಲು ಎದ್ದೆ.

"ಎಲ್ಲಿಗೆ? ಹಬ್ಬದ ದಿನ ಎರಡು ಆಟ," ಎಂದರು ನನ್ನ ಗೆಳತಿ. ಹಿಂದೆ ಬಂದು ನನ್ನ ಮೊಣಕೈ ಎತ್ತಿ ಹಿಡಿದರು. "ಚೆಂಡು ನೋಡು. ಬ್ಯಾಟ್ ಮರೆತುಬಿಡು."

ಎರಡನೇ ಆಟದ ಕೊನೆಗೆ ನನ್ನ ಸರದಿ ಬಂತು. ಆಗಲೇ ನಮ್ಮ ಒಬ್ಬಾಕೆ ಒಂದು ಮೂಲೆ ತಲುಪಿ ಕಾಯುತ್ತಿದ್ದಳು. ಚೆಂಡು ಬಂದದ್ದು ಕಂಡಿತು, ಬೀಸಿದೆ. ಅಂಗೈಯಿಂದ ಹೆಗಲವರೆಗೆ ಜುಮ್ಮೆಂದಿತು. ತಲೆ ಎತ್ತಿದರೆ ಚೆಂಡು ಎಡಗಡೆ, ನಿಂತವರೆಲ್ಲರನ್ನೂ ದಾಟಿ ಹೋಗುತ್ತಿತ್ತು. ಬಿದ್ದಮೇಲೂ ನಿಲ್ಲದೆ ಗಟ್ಟಿ ಮರಳಿನ ಮೇಲೆ ಉರುಳುತ್ತ, ಸಾಲಾಗಿ ನಿಲ್ಲಿಸಿದ್ದ ಕಾರುಗಳ ನಡುವೆ ನುಸುಳಿ ರಸ್ತೆಗೆ ಹೋಯಿತು.

ನಾನು ಬ್ಯಾಟ್ ಹಿಡಿದೇ ಓಡಿದೆ. "ಬಿಸಾಡು, ಬಿಸಾಡು" ಎಂದು ಎಲ್ಲರೂ ಕೂಗುತ್ತಿದ್ದರು. ಎರಡು ಮೂಲೆ ದಾಟಿ, ಮೂರನೆಯದರಲ್ಲಿ ಸಾಕೆಂದು ನಿಂತುಬಿಟ್ಟೆ. ಆಗ ಕಾರಿನ ಕಡೆಯಿಂದ ಅರಬ್ಬರ ಹಾಗೆ ಅವಸರಿಸುವ ಭಾವನ ದನಿ ಕೇಳಿತು: "ಯಲ್ಲಾ, ಯಲ್ಲಾ, ಓಡು ಮಾರಾಯ್ತಿ, ಬಾಲ್ ಇನ್ನೂ ಸಿಕ್ಕಲಿಲ್ಲ ಅವರಿಗೆ." ಪೇಪರು ಓದುತ್ತಿದ್ದವರು ಒಂದೇ ಚಪ್ಪಲಿಯಲ್ಲಿ ಹೊರಗೆ ನಿಂತಿದ್ದರು. ಕೊನೆಯ ರಟ್ಟಿನ ಮೇಲೆ ಮೊಣಕಾಲೂರಿ ಬಿದ್ದೆ. ಆ ಆಟ ಒಂದು ರನ್‌ನಿಂದ ನಮ್ಮದಾಯಿತು.

ಮಧ್ಯಾಹ್ನ ವಾಪಸು ಬರುವಾಗ ನಮ್ಮ ಜೊತೆಗಿದ್ದ ಗೆಳತಿ ಭಾವನಿಗೆ ಕಾರು ನಿಲ್ಲಿಸಲು ಹೇಳಿ, ಕಾರ್ಡ್ ಹಾಕುವ ಫೋನಿನಿಂದ ಅಪ್ಪನಿಗೆ ಕರೆ ಮಾಡಿದರು. ಫಿಲಿಪ್ಪೀನ್ಸಿನಲ್ಲಿ ಆಗ ಸಂಜೆ. ಅವರ ಭಾಷೆ ನನಗೆ ತಿಳಿಯದು, ಆದರೆ ನನ್ನ ಹೊಡೆತದ ಕಥೆಯೆಂದು ಕೈ ಬೀಸಿದ್ದರಲ್ಲೇ ಗೊತ್ತಾಯಿತು. ಆಮೇಲೆ ರಿಸೀವರನ್ನು ನನ್ನ ಕಿವಿಗಿಟ್ಟರು.

"ಎಡಕ್ಕಾ, ಬಲಕ್ಕಾ?" ಮುದುಕರು ಇಂಗ್ಲಿಷಿನಲ್ಲಿ ಕೇಳಿದರು.

"ಎಡಕ್ಕೆ, ಅಂಕಲ್."

"ಗಾಳಿ ಇತ್ತಾ?"

"ಇರಲಿಲ್ಲ."

"ಒಳ್ಳೆಯದು. ಹಾಗಾದರೆ ಅದು ನಿನ್ನದೇ," ಎಂದರು.

ಮರುವರ್ಷದ ಈದಿಗೂ ಆಡಿದೆ, ಅದರಾಚೆಯ ವರ್ಷವೂ. ಅಂಥ ಹೊಡೆತ ಮತ್ತೆ ಕೂಡಿಬರಲಿಲ್ಲ. ಮದುವೆಯಾಗಿ ನಾನು ಊರಿಗೆ ಮರಳಿದೆ, ಗೆಳತಿ ಕೆನಡಾಕ್ಕೆ ಹೋದರು. ಆ ಬಯಲಿನಲ್ಲಿ ಈಗ ಸಾಲು ಸಾಲು ವಿಲ್ಲಾಗಳಂತೆ, ಭಾವ ಹೇಳಿದ್ದು.

ತಮ್ಮ ಅಪ್ಪ ತೀರಿಕೊಂಡಾಗ ಗೆಳತಿ ಒಂದು ಮೇಲ್ ಬರೆದಿದ್ದರು. ಕೊನೆಯವರೆಗೂ ಹಬ್ಬಕ್ಕೆ ಬಂದವರಿಗೆಲ್ಲ ಅಪ್ಪ ಬಡಗಿಯ ಕಥೆ ಹೇಳಿ, ಅದರ ಬೆನ್ನಿಗೇ ಮರುಭೂಮಿಯಲ್ಲಿ ಚೆಂಡು ಹೊಡೆದ ಇಂಡಿಯಾದ ಹುಡುಗಿಯ ಕಥೆ ಹೇಳುತ್ತಿದ್ದರಂತೆ. ಹೇಳಿದಷ್ಟು ಸಲವೂ ಚೆಂಡು ಇನ್ನಷ್ಟು ದೂರ ಹೋಗುತ್ತಿತ್ತಂತೆ. ಕೊನೆಕೊನೆಗೆ ವಿಮಾನ ನಿಲ್ದಾಣದೊಳಗೇ ಹೋಗಿ ಬೀಳುತ್ತಿತ್ತಂತೆ.

ಅದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಅಳುವೂ ಬಂತು. ಆ ಮುದುಕರು ಹೇಳಿದ್ದು ಸುಳ್ಳೆಂದು ಉತ್ತರ ಬರೆಯಲು ಮನಸ್ಸಾಗಲಿಲ್ಲ.