ಮನೆಯಲ್ಲಿ ಆನ್ ಆಗದ ಲ್ಯಾಪ್‌ಟಾಪ್

ಮೊನ್ನೆ ತೀರ್ಥಹಳ್ಳಿಯಿಂದ ರಿಪೇರಿಗೆ ಬಂದ ಒಂದು ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ಎಳೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ರೇಷ್ಮೆ ಸೀರೆಯ ಜೊತೆ ಇಡುವ ಗುಳಿಗೆಯನ್ನು ನಮ್ಮ ಕಡೆಯವರು ಲ್ಯಾಪ್‌ಟಾಪಿನ ಜೊತೆಗೂ ಇಡುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಮೊನ್ನೆ ಮಾತ್ರ ಹೇಳಲಿಲ್ಲ. ಕಾರ್ಗಲ್ ಅಕ್ಕ ನೆನಪಾದರು.

ಸಾಗರದಲ್ಲಿ ನನ್ನದು ಹಳೇ ಲ್ಯಾಪ್‌ಟಾಪ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ. ಅಕ್ಕ ನನಗೆ ಸಂಬಂಧಿಯೇನಲ್ಲ, ಗಿರಾಕಿ. ನಾಲ್ಕೈದು ವರ್ಷದ ಹಿಂದೆ ಕಾರ್ಗಲ್ಲಿನಿಂದ ಬಸ್ಸಿನಲ್ಲಿ ಬಂದು ನನ್ನ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್ ಕೊಂಡಿದ್ದರು. ಅದಕ್ಕೆ ಹಳೇ ಕಂಬಳಿಯಲ್ಲಿ ಚೀಲ ಹೊಲಿದಿದ್ದರು, ಒಳಗೆ ಎರಡು ನುಸಿಗುಳಿಗೆ. ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು.

ಅವರ ಗಂಡ ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಗಂಡನ ಕಚೇರಿಯಲ್ಲೇ ಕೆಲಸ ಸಿಕ್ಕಿತ್ತು. ಆದರೆ ಕಂಪ್ಯೂಟರ್ ಪರೀಕ್ಷೆ ಪಾಸಾದರೆ ಮಾತ್ರ ಕೆಲಸ ಖಾಯಂ. ಆಗದಿದ್ದರೆ ಕೆಲಸವೂ ಇಲ್ಲ, ಇದ್ದ ಕ್ವಾರ್ಟರ್ಸೂ ಖಾಲಿ ಮಾಡಬೇಕು. ಕಚೇರಿಯಲ್ಲಿ ಕಲಿಯೋಣವೆಂದರೆ ಪಕ್ಕದವರು ನಗುತ್ತಾರೆಂಬ ಸಂಕೋಚ. ಅದಕ್ಕೇ ಮನೆಯಲ್ಲಿ ಕೂತು ಕನ್ನಡ ಟೈಪಿಂಗ್ ಕಲಿಯಲು ಹೊರಟಿದ್ದರು. ಪರೀಕ್ಷೆಗೆ ಆಗ ಮೂರು ತಿಂಗಳಿತ್ತು.

ಅವರ ಎಡಗೈಯಲ್ಲಿ ಬಳೆ ಇರಲಿಲ್ಲ. ಗಂಡಸರು ಹಾಕುವಂಥ ದಪ್ಪ ಕಡಗವೊಂದಿತ್ತು. ನಾನು ನೋಡಿದ್ದನ್ನು ಗಮನಿಸಿ ತಾವೇ ಹೇಳಿದರು. "ನಮ್ಮನೆಯವ್ರದ್ದು, ತಮ್ಮ. ಗಂಟು ನೋವಿಗೆ ಅಂತ ಹಾಕ್ಕಂಡಿದ್ರು. ಕೈ ಬೋಳಾಗಿರೋದು ಬ್ಯಾಡ ಅಂತ ಈಗ ನಾ ಹಾಕ್ಕಂಡೆ." ನಾನು ಹೂಂ ಎಂದು ಬಿಲ್ ಬರೆದೆ.

ವಾರ ಕಳೆಯುವುದರೊಳಗೆ ಚೀಲ ಹಿಡಿದು ವಾಪಸು ಬಂದರು. ಮನೆಯಲ್ಲಿ ಆನ್ ಆಗುವುದಿಲ್ಲವಂತೆ. ಬಟನ್ ಒತ್ತಿದರೆ ದೀಪ ಬರುತ್ತದೆ, ಫ್ಯಾನ್ ಸದ್ದು ಮಾಡುತ್ತದೆ, ಆಮೇಲೆ ಎಲ್ಲ ನಿಂತು ಪರದೆ ಕಪ್ಪಾಗಿಯೇ ಉಳಿಯುತ್ತದೆ. ನಾನು ಟೇಬಲ್ ಮೇಲಿಟ್ಟು ಒತ್ತಿದೆ. ಬಂತು. ಮತ್ತೆ ಆಫ್ ಮಾಡಿ ಒತ್ತಿದೆ, ಮತ್ತೆ ಬಂತು. ಇರಲಿ ಎಂದು ಚಾರ್ಜರ್ ಬದಲಿಸಿ ಕಳಿಸಿದೆ.

ಹದಿನೈದು ದಿನಕ್ಕೆ ಮತ್ತೆ ಅದೇ ದೂರು. ಈ ಸಲ ಬ್ಯಾಟರಿ ಬಿಚ್ಚಿ ನೋಡಿದೆ, ರ‍್ಯಾಮ್ ಎಂಬ ಮೆಮೊರಿ ಪಟ್ಟಿ ತೆಗೆದು ಅದರ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿದೆ. ಅವರು ಕೈಗಳೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು, ದೇವರ ಕೋಣೆಯ ಹೊರಗೆ ನಿಂತವರಂತೆ ದೂರದಲ್ಲೇ ನಿಂತಿದ್ದರು. ನನ್ನ ಕೈಯಲ್ಲಿ ಲ್ಯಾಪ್‌ಟಾಪ್ ಚೆನ್ನಾಗಿಯೇ ನಡೆಯಿತು. ಮನೆಯ ಪ್ಲಗ್ ಸರಿ ಇಲ್ಲದಿರಬಹುದು, ಬೇರೆಯವರ ಮನೆಯಲ್ಲಿ ಹಾಕಿ ನೋಡಿ ಎಂದೆ.

ಮೂರನೇ ಸಲ ಬಂದಾಗ ನೋಟ್‌ಬುಕ್ ತಂದಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ಲಗ್ಗಿಗೆ ಹಾಕಿದೆ ಎಂದು ಗುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಅಷ್ಟು ಅಚ್ಚುಕಟ್ಟಾಗಿ ದೂರು ತಂದ ಗಿರಾಕಿ ನನಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ನಾನು ಅದನ್ನು ಪೂರ್ತಿ ಓದಲೂ ಇಲ್ಲ. ಅವತ್ತು ಅಂಗಡಿಯಲ್ಲಿ ಜನ ತುಂಬಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

"ಪಕ್ಕದ್ಮನೆ ಟೀಚರ್ ಬಂದು ಒತ್ತಿದ್ರೆ ಬರ್ತದೆ ತಮ್ಮ. ನಾ ಕೂತ್ರೆ ಹೋಗ್ತದೆ" ಅಂದರು ಅಕ್ಕ.

"ಹಂಗಾರೆ ಮಷೀನಿಂದೇನೂ ತಪ್ಪಿಲ್ಲ ಅಕ್ಕ, ನಿಮ್ ಕೈಗುಣನೇ ಸರಿ ಇಲ್ಲ" ಅಂದುಬಿಟ್ಟೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಂಡನನ್ನು ಕಳೆದುಕೊಂಡು ವರ್ಷವೂ ಆಗದ ಹೆಂಗಸಿಗೆ ಆಡುವ ಮಾತಾಗಿರಲಿಲ್ಲ ಅದು… ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ, ದಾರ ಕಟ್ಟಿ, ಬರ್ತೀನಿ ಎಂದು ಹೇಳಿಯೇ ಹೋದರು.

ಪರೀಕ್ಷೆ ಮುಗಿದ ಮೇಲೆ ಒಮ್ಮೆ ಬಂದರು, ಲ್ಯಾಪ್‌ಟಾಪ್ ವಾಪಸು ಕೊಡಲು. ಪಾಸಾಗಿರಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಹೊಸನಗರದ ತಮ್ಮನ ಮನೆಗೆ ಹೋಗುವವರಿದ್ದರು. "ಇದು ನಂಗೆ ಒಲೀಲಿಲ್ಲ ಬಿಡು" ಅಂದರು. ನಾನು ಅದನ್ನು ಇಟ್ಟುಕೊಂಡು ಬೇರೆಯವರಿಗೆ ಮಾರಿದೆ. ಕೊಂಡವರಿಂದ ಒಂದು ದೂರೂ ಬರಲಿಲ್ಲ. ನೋಡಿದೆಯಾ, ನಾನು ಹೇಳಿದ್ದೇ ಸರಿ ಎಂದುಕೊಂಡೆ.

ಹೋದ ಯುಗಾದಿಯ ಹೊತ್ತಿಗೆ ನಿವೃತ್ತ ಮಾಸ್ತರೊಬ್ಬರು ಅಕ್ಕನದೇ ಥರದ ದೂರು ಹೇಳಿಕೊಂಡು ತಮ್ಮ ಲ್ಯಾಪ್‌ಟಾಪ್ ತಂದರು. ನನ್ನೆದುರಿಗೇ ಲ್ಯಾಪ್‌ಟಾಪಿನ ಅಂಚಿಗೆ ಎಡಗೈ ಊರಿದರು. ಪರದೆ ಕಪ್ಪಾಯಿತು. ಕೈ ಎತ್ತಿದರು, ಬಟನ್ ಒತ್ತಿದೆ, ಬಂತು. ಮತ್ತೆ ಊರಿದರು, ಮತ್ತೆ ಹೋಯಿತು. ಅವರ ಮಣಿಕಟ್ಟಿನಲ್ಲಿ ಗಂಟು ನೋವಿನ ಕಡಗವಿತ್ತು. ಅಂಥ ಕಡಗದೊಳಗೆ ಅಯಸ್ಕಾಂತದ ಚೂರು ಇರುತ್ತದೆ. ಲ್ಯಾಪ್‌ಟಾಪಿಗೆ ತನ್ನ ಮುಚ್ಚಳ ಮುಚ್ಚಿದ್ದು ಗೊತ್ತಾಗುವುದೂ ಮುಚ್ಚಳದಲ್ಲಿರುವ ಒಂದು ಸಣ್ಣ ಅಯಸ್ಕಾಂತದಿಂದಲೇ. ಕಡಗ ಹತ್ತಿರ ಬಂದರೆ ಮುಚ್ಚಳ ಮುಚ್ಚಿತೆಂದುಕೊಂಡು ಅದು ಮಲಗಿಬಿಡುತ್ತದೆ.

ಮಾಸ್ತರಿಗೆ ಕಡಗ ತೆಗೆದಿಡಲು ಹೇಳಿದೆ. ಅವರು ಖುಷಿಯಿಂದ ಹೋದರು. ಒಂದು ಮಾತು ಸಾಕಾಗಿತ್ತು. ಅಕ್ಕನಿಗೂ ಅಷ್ಟೇ ಸಾಕಾಗುತ್ತಿತ್ತು. ಅಲುಗಾಡದಿರಲೆಂದು ಎಡಗೈಯಲ್ಲಿ ಲ್ಯಾಪ್‌ಟಾಪ್ ಒತ್ತಿ ಹಿಡಿದು, ಬಲಗೈಯ ಒಂದು ಬೆರಳಿನಲ್ಲಿ ಬಟನ್ ಒತ್ತುತ್ತಾ ಕೂತಿದ್ದಿರಬೇಕು. ಒಂದೇ ಒಂದು ಸಲ, ಮನೆಯಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು ತೋರಿಸಿ ಎಂದು ನಾನು ಕೇಳಿದ್ದರೆ… ಕೇಳಲಿಲ್ಲ. ಇಷ್ಟು ಗೊತ್ತಾದ ಮೇಲೂ ನನಗೆ ಏನೂ ಅನ್ನಿಸಲಿಲ್ಲ. ಊಟ ಮಾಡಿ, ಮಧ್ಯಾಹ್ನ ಇನ್ನೆರಡು ರಿಪೇರಿ ಮುಗಿಸಿದೆ. ಅವರ ನಂಬರ್ ನನ್ನ ಹತ್ತಿರವಿತ್ತು. ಫೋನ್ ಮಾಡಬೇಕು ಎಂದುಕೊಂಡೆ. ನಾಳೆ ಮಾಡೋಣ, ಹಬ್ಬ ಕಳೆಯಲಿ, ಮಳೆಗಾಲ ಕಳೆಯಲಿ ಎಂದು ಮುಂದೂಡಿದೆ.

ಮೊನ್ನೆ ನುಸಿಗುಳಿಗೆಯ ವಾಸನೆ ಬಂದ ಮೇಲೆ ಕೊನೆಗೂ ಮಾಡಿದೆ. ಎತ್ತಿದವರು ಅಕ್ಕನ ತಮ್ಮನ ಹೆಂಡತಿ.

"ಅತ್ಗೆ ದೀಪಾವಳಿ ಆಗಿ ವಾರಕ್ಕೆ ಹೋಗ್ಬಿಟ್ರು. ಎದೆನೋವು ಬಂತು, ಆಸ್ಪತ್ರೆಗೆ ಮುಟ್ಲಿಲ್ಲ" ಅಂದರು.

ಯುಗಾದಿಯಿಂದ ದೀಪಾವಳಿಯವರೆಗೆ ನನಗೆ ಸಮಯವಿತ್ತು. ಸಾಗರದ ಲ್ಯಾಪ್‌ಟಾಪ್ ಅಂಗಡಿಯವನು ಎಂದು ಹೇಳಿಕೊಂಡೆ. ಅವರ ದನಿ ಮೃದುವಾಯಿತು.

"ಓ, ನೀವಾ? ಅತ್ಗೆ ಹೇಳ್ತಿದ್ರು. ಪಾಪ, ಮೂರ್ ಸಲನೂ ಬೇಜಾರಿಲ್ದೆ ನೋಡ್ಕೊಟ್ರು, ನನ್ ಕೈಗುಣನೇ ಸರಿ ಇರ್ಲಿಲ್ಲ ಅಂತಿದ್ರು. ಇಲ್ ಬಂದ್ಮೇಲೆ ಮಿಕ್ಸಿನೂ ಮುಟ್ತಿರ್ಲಿಲ್ಲ, ಮೊಬೈಲೂ ಮುಟ್ತಿರ್ಲಿಲ್ಲ. ಎಂತ ಕೊಟ್ರೂ, ಬ್ಯಾಡ ಮಾರಾಯ್ತಿ, ನಾ ಮುಟ್ಟಿದ್ರೆ ಕೆಟ್ಟೋಗ್ತದೆ ಅನ್ನೋರು."

ಎಂತಕ್ಕೆ ಫೋನ್ ಮಾಡಿದ್ರಿ ಎಂದು ಅವರು ಕೇಳಿದರು. ಕಡಗದ ವಿಷಯ ಬಾಯಿಯವರೆಗೂ ಬಂದಿತ್ತು.

"ಸುಮ್ನೆ ಮಾಡ್ದೆ" ಅಂದೆ.