ಹಾಡೋರು ಬರೋಗಂಟ

ಹೊಸದುರ್ಗದ ಬಸ್ಸಲ್ಲಿ ಪಕ್ಕದ ಸೀಟಿನ ಅಜ್ಜಿ ಕೇಳಿದರು, "ಕಿವಿಗೆ ಅದೇನಪ್ಪ?"

ನಾನು ಡಿಜೆ. ಮದುವೆ ಮೆರವಣಿಗೆಯವನಲ್ಲ, ಹಾಡೇ ಇಲ್ಲದ, ಬರೀ ಬಡಿತದ ಅಂಡರ್‌ಗ್ರೌಂಡ್ ಡ್ಯಾನ್ಸ್ ಮ್ಯೂಸಿಕ್‌ನವನು. ನಮ್ಮ ಕಡೆ ಇದನ್ನು ವಿವರಿಸಿ ಗೆದ್ದವರಿಲ್ಲ. ಅದಕ್ಕೇ ಹೆಡ್‌ಫೋನನ್ನೇ ಅವರ ಕಿವಿಗಿಟ್ಟು, ನಾನೇ ಮಾಡಿದ್ದು ಅಂತ ಹೇಳಿ ಒಂದು ಟ್ರ್ಯಾಕ್ ಹಾಕಿದೆ.

ಅಜ್ಜಿ ತೊಡೆ ತಟ್ಟತೊಡಗಿದರು. ನನಗೆ ಖುಷಿಯೋ ಖುಷಿ.

"ತಾಳ ಚೆನ್ನಾಗೈತೆ. ಹಾಡೋರು ಇನ್ನೂ ಬಂದಿಲ್ಲೇನು?"

"ಬರಲ್ಲ ಅಜ್ಜಿ, ಇದು ಇಷ್ಟೇ."

"ಬರ್ತಾರೆ ಸುಮ್ನಿರು. ನಮ್ ಭಜನೇಲೂ ಹಾಡೋ ಗೌಡ್ರು ಬರೋಗಂಟ ಹಿಂಗೇ ಬಾರಿಸ್ತಿರ್ತಾರೆ."

ಹೊಸದುರ್ಗ ಬರೋವರೆಗೂ ತಟ್ಟುತ್ತಲೇ ಕಾದರು. ಇಳಿಯುವಾಗ ಹೆಡ್‌ಫೋನ್ ವಾಪಸು ಕೊಟ್ಟು ನನ್ನ ಬೆನ್ನು ಸವರಿದರು.

"ಹಾಡೋರು ಕೈಕೊಟ್ರೂ ನೀನು ನಿಲ್ಲಿಸ್ಲಿಲ್ಲ ನೋಡು. ಭೇಷ್!"