ಮಲಗಿಕೊಂಡು ನಡೆದವನು

ಕಾಲ್ನಡಿಗೆಯ ಸಾಹಸಗಳ ಪುಸ್ತಕಗಳನ್ನು ಮಲಗಿಕೊಂಡೇ ಓದಬೇಕೆಂಬುದು ನನ್ನ ಅನುಭವ. ಅಂಗಾತ ಮಲಗಿ, ಪುಸ್ತಕವನ್ನು ಮೇಲೆತ್ತಿ ಹಿಡಿದರೆ ನಾಲ್ಕೇ ಪುಟಕ್ಕೆ ತೋಳು ಸೋತು, ಲೇಖಕನ ಆಯಾಸದಲ್ಲಿ ನಮಗೂ ಒಂದು ಪಾಲು ಸಿಗುತ್ತದೆ. ಇಂಡಿ ಊರಿನ ನಮ್ಮ ಮನೆಯ ಮಂಚದ ಮೇಲೆ ನಾನು ಹೀಗೆ ಮರುಭೂಮಿಗಳನ್ನು ದಾಟಿದ್ದೇನೆ, ಹಿಮದ ಕಣಿವೆಗಳಲ್ಲಿ ದಾರಿ ತಪ್ಪಿದ್ದೇನೆ. ವಾಸ್ತವದಲ್ಲಿ ನನ್ನ ಅಡಿಗಳೆಲ್ಲ ಅಡಿಟಿಪ್ಪಣಿಗಳೇ. ಗ್ರಂಥಾಲಯಕ್ಕೂ ಆಟೋದಲ್ಲಿ ಹೋಗುವವನು ನಾನು.

ಆದರೂ ಇಂಥ ಪುಸ್ತಕಗಳನ್ನು ಕಂಡಕಂಡವರಿಗೆ ಶಿಫಾರಸು ಮಾಡುವ ಚಟ ಬಿಟ್ಟಿರಲಿಲ್ಲ. ಹೆಚ್ಚಿನವರು ತಲೆಯಾಡಿಸಿ ಮರೆಯುತ್ತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ ಹಾಜಿರಾಬೇಗಂ ಮಾತ್ರ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ, ನಾನು ಹೇಳಿದ್ದನ್ನೆಲ್ಲ ತರಿಸಿಕೊಂಡು ಓದಿಬಿಟ್ಟರು. ಚೇತರಿಸಿಕೊಂಡ ಮೇಲೆ ಒಂದು ಮುಂಜಾನೆ ಕೋಲೂರಿಕೊಂಡು ಬಂದು, ಪಕ್ಕದೂರು ಸಾಲೋಟಗಿಯ ಹಳೆಯ ಕಲ್ಲುಶಾಸನದ ತನಕ ನಡೆದೇ ಹೋಗೋಣವೆಂದರು. ನಾನು ಬಿಸಿಲು, ರಸ್ತೆ, ರಾಹುಕಾಲ ಎಂದು ನೆಪಗಳನ್ನು ಹುಡುಕಿದೆ.

“ನೀವು ಹೇಳಿದ್ದ ಪುಸ್ತಕ ಓದೇ ನಾ ಎದ್ದು ನಿಂತೇನ್ರಿ ಸರ್,” ಎಂದರು ಅವರು ಶಾಂತವಾಗಿ. “ನೀವು ಓದಿ ಏನ ಮಾಡಿದ್ರಿ?”

ಚಪ್ಪಲಿ ಮೆಟ್ಟಿದೆ.

ನಮ್ಮ ಸೀಮೆಯಲ್ಲಿ ನಡೆಯುವುದಕ್ಕಿಂತ, ನಮ್ಮನ್ನು ನಡೆಯಲು ಬಿಡುವಂತೆ ಜನರನ್ನು ಒಪ್ಪಿಸುವುದೇ ಕಷ್ಟವೆಂಬುದು ಊರು ದಾಟುವಷ್ಟರಲ್ಲಿ ತಿಳಿಯಿತು. ಬೈಕಿನವರೆಲ್ಲ ನಿಂತು ಹತ್ತಿಸಿಕೊಳ್ಳಲು ಬಂದರು. ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ, ಹರಕೆಯೇ, ಮನೆಯಲ್ಲಿ ಜಗಳವೇ ಎಂದು ಮರುಗಿದರು. ನಿಂಬೆತೋಟಗಳ ಹತ್ತಿರ ಸಿದ್ದಪ್ಪನ ಟೆಂಪೊ ಬಂತು. ಅವನು ಬೇಗಂ ಅವರ ಹಳೆಯ ವಿದ್ಯಾರ್ಥಿ. ಅವರು ಹತ್ತಲಿಲ್ಲ, ಹತ್ತದ ಗುರುಗಳನ್ನು ಹಿಂದೆ ಹಾಕಲು ಅವನು ಒಪ್ಪಲಿಲ್ಲ. “ಅಕ್ಕೋರು ನಡಿಯಾಕತ್ತಿದ್ರ ನಾ ಹ್ಯಾಂಗ ಮುಂದ ಹೋಗ್ಲಿರಿ?” ಎಂದವನೇ, ತುಂಬಿದ ಟೆಂಪೊವನ್ನು ಕೋಲಿನ ಟಕಟಕಕ್ಕೆ ಸರಿಯಾಗಿ ನಮ್ಮ ಬೆನ್ನ ಹಿಂದೆ ತೆವಳಿಸತೊಡಗಿದ. ಬೇಸತ್ತ ಪ್ರಯಾಣಿಕರು ಒಬ್ಬೊಬ್ಬರೇ ಇಳಿದು ನಮ್ಮ ಜೊತೆ ನಡೆದರು. ಏನೋ ಹೋರಾಟವಿರಬೇಕೆಂದು ಹೊಲದಲ್ಲಿದ್ದವರೂ ಬಂದು ಕೂಡಿಕೊಂಡರು. ಒಬ್ಬ ಮುದುಕ ಯಾರ ವಿರುದ್ಧವೆಂದು ಕೇಳದೆಯೇ ಧಿಕ್ಕಾರ ಕೂಗಿದ.

ಅಷ್ಟರಲ್ಲಿ ನನ್ನ ಹಿಮ್ಮಡಿಯ ಗುಳ್ಳೆ ಒಡೆಯಿತು. ಎಷ್ಟೋ ಪುಸ್ತಕಗಳಲ್ಲಿ ಗುಳ್ಳೆಗಳನ್ನು ಕಂಡಿದ್ದೆ. ಒಂದೂ ಹೀಗೆ ಉರಿದಿರಲಿಲ್ಲ. ಟೆಂಪೊ ಹೇಗೂ ಖಾಲಿಯಾಗಿತ್ತು. ಯಾರಿಗೂ ಕಾಣದಂತೆ ಹಿಂದೆ ಸರಿದು ಸಿದ್ದಪ್ಪನ ಪಕ್ಕ ಕೂತೆ.

ಸಾಲೋಟಗಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಊರ ಹಿರಿಯರು ಬೆವರುತ್ತಿದ್ದ ಬೇಗಂ ಅವರನ್ನು ದಾಟಿ ಬಂದು, ನನ್ನನ್ನು ಇಳಿಸಿ, ಕೊರಳಿಗೆ ಹಾರ ಹಾಕಿದರು. ಪಾದಯಾತ್ರೆಯಲ್ಲಿ ಗಾಡಿಯೊಳಗೆ ಕೂತವನೇ ಮುಖಂಡನೆಂಬುದು ಅವರ ಅನುಭವ. ನಮ್ಮ ಬೇಡಿಕೆ ಏನೆಂದು ಕೇಳಿದರು. ನಾನು ಬೇಗಂ ಅವರ ಮುಖ ನೋಡಿದೆ. ಅವರು ನಿಜ ನುಡಿದಿದ್ದರೆ ಇಂಡಿಯಲ್ಲಿ ನಾನು ಮುಂದೆಂದೂ ಯಾರಿಗೂ ಪುಸ್ತಕ ಹೇಳುವಂತಿರಲಿಲ್ಲ.

“ಬೇಡಿಕಿ ಏನೂ ಇಲ್ರಿ,” ಎಂದರು. “ಸರ್ ಕಾಲಾಗ ಗುಳ್ಳಿ ಎದ್ದಾವ. ಒಂದ ತಂಬಿಗಿ ನೀರು ಕೊಡ್ರಿ.”

ಕಾಲು ತೊಳೆದು, ಕುಂಟುತ್ತ ಅವರ ಜೊತೆ ಶಾಸನದವರೆಗೆ ಹೋದೆ. ಆ ಹಳೆಯ ಲಿಪಿಯ ಒಂದಕ್ಷರವೂ ಇಬ್ಬರಿಗೂ ಓದಲು ಬರಲಿಲ್ಲ. ಆದರೂ ಅದರೆದುರು ಬಹಳ ಹೊತ್ತು ನಿಂತೇ ಇದ್ದೆವು; ಇಂಡಿಗೆ ಹಿಂದಿರುಗುವುದು ಹೇಗೆಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.